ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು

ಜಗಳೂರು
9 ಜೂನ್ 2024, ಭಾನುವಾರ

ಅಪ್ಪಾಜಿ,

ನಾನು ಚೆನ್ನಾಗಿದ್ದೇನೆ, ನನ್ನ ಗಾಡಿ ಚೆನ್ನಾಗಿಲ್ಲ. ಅದಕ್ಕೇ ಈ ಕಾಗದ.

ಈ ವಾರ ನಿಮಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ರಿಂಗಾಗಿ ರಿಂಗಾಗಿ ನಿಂತಿತು. ನಿಮ್ಮದು ಬಟನ್ ಫೋನು, ಮೆಸೇಜ್ ಬಂದರೆ ನೀವು ತೆಗೆದು ನೋಡುವವರಲ್ಲ. ಮಹಾಂತೇಶಣ್ಣನಿಗೆ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಯುಗಾದಿಗೆ ಚನ್ನಗಿರಿಗೆ ಬಂದಾಗ ಅಂಗಡಿಯ ಹೊಸ ಬೋರ್ಡಿನಲ್ಲಿ ನಿಮ್ಮ ಹೆಸರಿನ ಪಕ್ಕ ಅವನ ಹೆಸರು ಕಂಡೆ. ಅಂದಿನಿಂದ ಅವನ ಜೊತೆ ಏನು ಮಾತಾಡಬೇಕೋ ತಿಳಿಯುತ್ತಿಲ್ಲ. ನಿಮ್ಮ ಜೊತೆಯೂ ಅಷ್ಟೆ. ಅಮ್ಮ ಹೋದಮೇಲೆ ಹನ್ನೆರಡನೇ ವಯಸ್ಸಿನಿಂದ ಆ ಅಂಗಡಿಯಲ್ಲೇ ಬೆಳೆದವಳು ನಾನು. ಟೈರು ಬಿಚ್ಚುವುದನ್ನು ನೀವೇ ಕಲಿಸಿದಿರಿ. ಕೊನೆಗೆ ದೊಡ್ಡಪ್ಪನ ಮಗನಿಗೆ ಅಂಗಡಿ ಸಿಕ್ಕಿತು, ನನಗೆ "ನೀನು ನೌಕರಿ ನೋಡ್ಕ" ಎಂಬ ಮಾತು ಸಿಕ್ಕಿತು. ನೋಡಿಕೊಂಡೆ. ಆರು ವರ್ಷವಾಯಿತು.

ಇರಲಿ, ನಾನು ಜಗಳಕ್ಕೆ ಬರೆಯುತ್ತಿಲ್ಲ, ಟೈರಿಗೆ ಬರೆಯುತ್ತಿದ್ದೇನೆ.

ಪಶು ಆಸ್ಪತ್ರೆಯ ಕೆಲಸವೆಂದರೆ ಆಸ್ಪತ್ರೆಯಲ್ಲಿ ಕೂರುವ ಕೆಲಸವಲ್ಲ. ದಿನಕ್ಕೆ ಎಪ್ಪತ್ತು ಕಿಲೋಮೀಟರ್ ಹಟ್ಟಿಯಿಂದ ಹಟ್ಟಿಗೆ ಓಡಾಟ. ಹಿಂದಿನ ಸೀಟಿಗೆ ಲಸಿಕೆಯ ಐಸ್ ಬಾಕ್ಸ್ ಕಟ್ಟಿರುತ್ತೇನೆ, ಹದಿನೆಂಟು ಕೆಜಿ. ಅರ್ಧ ದಾರಿ ಟಾರು, ನೂಲು ಹಿಡಿದಂತೆ ನೇರ. ಉಳಿದರ್ಧ ಜಲ್ಲಿ, ಮಣ್ಣು, ಜಾಲಿಮುಳ್ಳು. ನೇರ ದಾರಿಯಲ್ಲೇ ಓಡಿ ಓಡಿ ಹಿಂದಿನ ಟೈರಿನ ನಡುಭಾಗ ಚಪ್ಪಟೆಯಾಗಿದೆ. ಇಲ್ಲಿನ ಮೆಕ್ಯಾನಿಕ್ ಹೇಳುವುದು, "ಮೇಡಮ್ಮೋರೆ, ಇದು ನಲವತ್ತು ಸಾವಿರ ಓಡ್ತೈತೆ, ಕಣ್ಣು ಮುಚ್ಚಿ ಹಾಕಿಸ್ರಿ." ನಮ್ಮ ಆಫೀಸಿನ ಕಲ್ಲೇಶ್ ಹೇಳುವುದು, "ಓಡೋದು ಇರ್ಲಿ, ನಿಲ್ಲಬೇಕಲ್ಲ, ಗ್ರಿಪ್ ಇರೋದು ತಗೋ."

ನನಗೆ ಎರಡೂ ಬೇಕು. ಹಿಡಿತವೂ ಇರಬೇಕು, ಬಹುಕಾಲ ಬಾಳಬೇಕು. ಯಾವುದು ಹಾಕಿಸಲಿ?

ನಿಮ್ಮ
ಶಿವಲೀಲಾ

*

ಚನ್ನಗಿರಿ
24 ಜೂನ್ 2024

ಚಿ. ಶಿವಲೀಲಾಗೆ,

ಕಾಗದ ಮುಟ್ಟಿತು. ಫೋನಿನಲ್ಲಿ ಮಾತು ಬೇಡ. ಏನಿದ್ದರೂ ಬರೆದು ಕೇಳು, ಬರೆದು ಹೇಳುತ್ತೇನೆ.

ಎರಡೂ ಬೇಕು ಎಂದು ಬರೆದಿದ್ದೀಯ. ಅಂಗಡಿಗೆ ಬರುವವರೆಲ್ಲ ಅದನ್ನೇ ಕೇಳುತ್ತಾರೆ. ಎರಡನ್ನೂ ಪೂರ್ತಿ ಕೊಡುವ ಟೈರು ನನ್ನ ಮೂವತ್ತೆರಡು ವರ್ಷದಲ್ಲಿ ಬಂದಿಲ್ಲ. ಮೆತ್ತಗಿನ ರಬ್ಬರು ನೆಲವನ್ನು ಹಿಡಿಯುತ್ತದೆ, ಆದರೆ ತನ್ನನ್ನು ತಾನೇ ತೇಯ್ದುಕೊಂಡು ಹಿಡಿಯುತ್ತದೆ. ಗಟ್ಟಿ ರಬ್ಬರು ತೇಯುವುದಿಲ್ಲ, ಒದ್ದೆಯಲ್ಲಿ ಹಿಡಿಯುವುದೂ ಇಲ್ಲ.

ಆದ್ದರಿಂದ ಎರಡು ಚಕ್ರಕ್ಕೂ ಒಂದೇ ಜಾತಿ ಹಾಕಿಸಬೇಡ. ಭಾರ ಹೊರುವುದು, ಎಳೆಯುವುದು ಹಿಂದಿನದು. ಬೇಗ ಸವೆಯುವುದೂ ಅದೇ. ಅದಕ್ಕೆ ಬಾಳಿಕೆಯದು. ದಾರಿ ತೋರಿಸುವುದು, ಬ್ರೇಕ್ ಹಾಕಿದಾಗ ಭಾರವೆಲ್ಲ ಬಂದು ಕೂರುವುದು ಮುಂದಿನದರ ಮೇಲೆ. ಅದಕ್ಕೆ ಹಿಡಿತದ್ದು.

ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲಿನೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. ಎರಡು ವರ್ಷದ ಹಿಂದಿನದನ್ನು ಹೊಸದು ಎಂದು ಕೊಟ್ಟರೆ ಬೇಡ ಎನ್ನು. ರಬ್ಬರು ಅಂಗಡಿಯಲ್ಲಿ ಕೂತೇ ಮುದಿಯಾಗುತ್ತದೆ. ಹೊಸ ಟೈರು ಮೊದಲ ನೂರೈವತ್ತು ಕಿಲೋಮೀಟರ್ ಜಾರುತ್ತದೆ, ನಿಧಾನ ಓಡಿಸು.

ಹಿಂದಿನದನ್ನು ಈ ತಿಂಗಳೇ ಬದಲಿಸು.

ಅಂಗಡಿಯ ವಿಚಾರಕ್ಕೆ ಈಗ ಉತ್ತರ ಇಲ್ಲ.

ಮುರುಗೇಶಪ್ಪ

*

ಜಗಳೂರು
2 ಜುಲೈ 2024

ಅಪ್ಪಾಜಿ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಟೈರಿನ ವಿಚಾರ ಒಂದೇ ಸಲಕ್ಕೆ ತಿಳಿಯಿತು. ಉಳಿದೆರಡು ಸಲ ಓದಿದ್ದು, ಎಲ್ಲಾದರೂ "ಊಟ ಮಾಡ್ತೀಯಾ" ಎಂಬ ಒಂದು ಸಾಲು ಇದೆಯೇ ಎಂದು. ಕೆಳಗೆ "ಮುರುಗೇಶಪ್ಪ" ಎಂದು ಸಹಿ ಹಾಕಿದ್ದೀರಿ, ಗಿರಾಕಿಗೆ ಬಿಲ್ಲಿನ ಮೇಲೆ ಹಾಕಿಕೊಡುವ ಹಾಗೆ.

ಫೋನಿನಲ್ಲಿ ಮಾತು ಬೇಡ ಎಂದರೆ ನನ್ನ ಜೊತೆ ಮಾತು ಬೇಡ ಎಂದೇ ಅರ್ಥ ತಾನೇ? ಯುಗಾದಿಯ ದಿನ ಬೋರ್ಡಿನ ಕೆಳಗೆ ನಿಂತು ನಾನು ಏರುದನಿಯಲ್ಲಿ ಮಾತಾಡಿದೆ, ನಿಜ. ನೀವು ಆವತ್ತು ಏನೂ ಹೇಳದೆ ಒಳಗೆ ಹೋದಿರಿ. ಕೋಪ ಇನ್ನೂ ಇಳಿದಿಲ್ಲ ಎಂದು ಈಗ ತಿಳಿಯಿತು.

ಟೈರು ನಾನೇ ನೋಡಿಕೊಳ್ಳುತ್ತೇನೆ. ಅವಸರವೇನಿಲ್ಲ.

ಆಗಸ್ಟ್‌ನಿಂದ ಎರಡು ತಿಂಗಳು ನನ್ನನ್ನು ನ್ಯಾಮತಿ ಕಡೆಗೆ ಹಾಕಿದ್ದಾರೆ. ಅಲ್ಲಿ ಸಿಬ್ಬಂದಿ ಕಡಿಮೆ, ದನಗಳಿಗೆ ಲಸಿಕೆ ಹಾಕಬೇಕು. ನಿಮ್ಮೂರಿಗೆ ಹತ್ತಿರವೇ. ನೀವು ಬಾ ಎಂದರೆ ಬರುತ್ತೇನೆ.

ಶಿವಲೀಲಾ

*

ನ್ಯಾಮತಿ
11 ಆಗಸ್ಟ್ 2024, ಭಾನುವಾರ

ಅಪ್ಪಾಜಿ,

ಬಾ ಎಂದು ನೀವು ಬರೆಯಲಿಲ್ಲ. ಬೇಡ ಎಂದೂ ಬರೆಯಲಿಲ್ಲ. ನಲವತ್ತು ದಿನ ಕಾದೆ.

ಐದನೇ ತಾರೀಖು ಸೋಮವಾರ ಗಾಡಿಯಲ್ಲೇ ಇಲ್ಲಿಗೆ ಬಂದೆ. ಸೂಳೆಕೆರೆಯ ಕಡೆಯಿಂದ ಬಂದು ಚನ್ನಗಿರಿಯಲ್ಲಿ ಅಂಗಡಿಯ ಎದುರಿಗೇ ನಿಲ್ಲಿಸಿದೆ. ಹೆಲ್ಮೆಟ್ ತೆಗೆಯಲೋ ಬೇಡವೋ ಎಂದು ಯೋಚಿಸುತ್ತಲೇ ನೋಡಿದರೆ ಶಟರ್ ಎಳೆದಿತ್ತು. ಸೋಮವಾರ, ಬೆಳಗಿನ ಹನ್ನೊಂದು ಗಂಟೆ. ನನಗೆ ತಿಳಿದಂತೆ ಅಮ್ಮ ತೀರಿಕೊಂಡ ದಿನ ಬಿಟ್ಟರೆ ಆ ಶಟರ್ ಆ ಹೊತ್ತಿನಲ್ಲಿ ಮುಚ್ಚಿದ್ದಿಲ್ಲ. ಮನೆಯ ಕಡೆ ಬರಲು ಮನಸ್ಸಾಗಲಿಲ್ಲ. ಕಾಗದಕ್ಕೆ ಉತ್ತರ ಕೊಡದವರ ಬಾಗಿಲು ತಟ್ಟುವುದು ಹೇಗೆ?

ಇಲ್ಲಿ ಮಳೆ ಬಿಟ್ಟೂ ಬಿಡದೆ ಹಿಡಿದಿದೆ. ದಾರಿಗಳೆಲ್ಲ ತಿರುವು. ಜಗಳೂರಿನ ನೇರ ರಸ್ತೆ ಎಷ್ಟು ಸುಖ ಎಂದು ಇಲ್ಲಿ ಗೊತ್ತಾಗುತ್ತಿದೆ. ಗಾಡಿ ನಿಲ್ಲಿಸಿದ್ದಾಗ ಯಾವುದೋ ಟ್ರ್ಯಾಕ್ಟರ್ ತಾಗಿ ಎಡಗಡೆ ಸ್ವಲ್ಪ ತರಚಿದೆ. ಎಡ ಫುಟ್‌ರೆಸ್ಟ್ ಹಿಂದಕ್ಕೆ ಬಗ್ಗಿದೆ. ಹಿಂದಿನ ಟೈರಿನ ಎಡ ಅಂಚಿನಲ್ಲಿ ಎರಡು ಬೆರಳಗಲ ಜಾಗ ಸ್ಲೇಟಿನ ಹಾಗೆ ನುಣ್ಣಗಾಗಿದೆ. ಇಷ್ಟಕ್ಕೆಲ್ಲ ಹೊಸದು ಹಾಕಿಸಬೇಕೇ, ಇಲ್ಲ ಈ ಮಳೆಗಾಲ ಕಳೆಯಬಹುದೇ? ಇಷ್ಟು ಹೇಳಿ ಸಾಕು.

ಶಿವಲೀಲಾ

*

ಚನ್ನಗಿರಿ
20 ಆಗಸ್ಟ್ 2024

ಶಿವಲೀಲಾ,

ನೀನು ಬಿದ್ದಿದ್ದೀಯ.

ನಿಂತ ಗಾಡಿಗೆ ಟ್ರ್ಯಾಕ್ಟರ್ ತಾಗಿದರೆ ಫುಟ್‌ರೆಸ್ಟ್ ಮೇಲಕ್ಕೋ ಒಳಕ್ಕೋ ಮಡಚುತ್ತದೆ. ಹಿಂದಕ್ಕೆ ಬಗ್ಗಬೇಕೆಂದರೆ ಗಾಡಿ ಮುಂದಕ್ಕೆ ಹೋಗುತ್ತಾ ನೆಲ ಉಜ್ಜಿರಬೇಕು. ಟೈರಿನ ಅಂಚು ನುಣ್ಣಗಾಗುವುದು ಅದು ಅಡ್ಡಡ್ಡ ಜಾರಿದಾಗ. ನಡುಭಾಗ ಚಪ್ಪಟೆಯಾದ ಟೈರು ನೇರ ದಾರಿಯಲ್ಲಿ ಸುಮ್ಮನಿರುತ್ತದೆ. ತಿರುವಿನಲ್ಲಿ ಗಾಡಿ ವಾಲಿತೋ, ಚಪ್ಪಟೆಯ ಅಂಚು ದಾಟಿ ಮಗ್ಗುಲಿಗೆ ಇಳಿಯುವಾಗ ಒಮ್ಮೆಗೇ ಜಾರುತ್ತದೆ. ಒದ್ದೆಯಲ್ಲಂತೂ ಕೇಳುವುದೇ ಬೇಡ. ಎಡ ತಿರುವಿನಲ್ಲಿ ಬಿದ್ದಿದ್ದೀಯ. ವೇಗ ಮೂವತ್ತೈದರ ಸುಮಾರು ಇರಬೇಕು.

ಎಡ ಮೊಣಕೈ ಹೇಗಿದೆ? ಮಂಡಿ? ತಲೆ ತಾಗಿಲ್ಲ ತಾನೇ? ಡಾಕ್ಟರಿಗೆ ತೋರಿಸಿದೆಯಾ? ನಿನ್ನ ಅಕ್ಷರ ಸೊಟ್ಟಗಿಲ್ಲ, ಬಲಗೈಗೆ ಏನೂ ಆಗಿಲ್ಲ ಎಂದು ಅಂದುಕೊಂಡಿದ್ದೇನೆ.

ಆ ಟೈರಿನಲ್ಲಿ ಇನ್ನು ಒಂದು ಕಿಲೋಮೀಟರ್ ಕೂಡ ಓಡಿಸಬೇಡ. ಆಟೋದಲ್ಲಿ ಹೋಗು, ಬಸ್ಸಿನಲ್ಲಿ ಹೋಗು. ಜೂನಿನಲ್ಲೇ ಬದಲಿಸು ಎಂದಿದ್ದೆ. ಅದನ್ನು ಸರಿಯಾಗಿ ಹೇಳಲಿಲ್ಲವೇನೋ. ಹೇಳುವ ರೀತಿಯಲ್ಲಿ ಹೇಳಿದ್ದರೆ ನೀನು ಕೇಳುತ್ತಿದ್ದೆ.

ಅಂಗಡಿ ಮುಚ್ಚಿದ್ದು ನೆಂಟರ ಮನೆಯ ಕಾರ್ಯಕ್ಕೆ. ಮಹಾಂತೇಶನೂ ಬಂದಿದ್ದ. ನಿನ್ನ ಜುಲೈ ಕಾಗದಕ್ಕೆ ಕೆಲಸದ ಒತ್ತಡದಲ್ಲಿ ಬರೆಯಲಾಗಲಿಲ್ಲ. ಕೋಪ ಇಲ್ಲ.

ಊಟ ಮಾಡುತ್ತೀಯಾ ಸರಿಯಾಗಿ?

ಅಪ್ಪ

*

ನ್ಯಾಮತಿ
27 ಆಗಸ್ಟ್ 2024

ಅಪ್ಪಾಜಿ,

ಹೌದು, ಬಿದ್ದೆ. ಏಳನೇ ತಾರೀಖು, ಸೂರಗೊಂಡನಕೊಪ್ಪದ ದಾರಿಯಲ್ಲಿ, ಎಡ ತಿರುವಿನಲ್ಲಿ. ವೇಗ ನಲವತ್ತು ಇತ್ತು, ನೀವು ಐದು ಕಡಿಮೆ ಹಿಡಿದಿರಿ.

ಬ್ರೇಕ್ ಕೂಡ ಹಾಕಿರಲಿಲ್ಲ. ಹಿಂದಿನಿಂದ ಯಾರೋ ಗಾಡಿಯನ್ನು ಕಿತ್ತುಕೊಂಡ ಹಾಗಾಯಿತು, ಅಷ್ಟೇ. ಕಣ್ಣು ಬಿಟ್ಟಾಗ ಐಸ್ ಬಾಕ್ಸ್ ಮುಚ್ಚಳ ತೆರೆದು, ಲಸಿಕೆಯ ಬಾಟಲಿಗಳೆಲ್ಲ ಮಳೆ ನೀರಿನಲ್ಲಿ ಉರುಳುತ್ತಿದ್ದವು. ಎದ್ದವಳೇ ಮೊದಲು ಮಾಡಿದ್ದು ಬಾಟಲಿ ಆರಿಸಿದ್ದು. ತಾಂಡಾದ ಹೆಂಗಸೊಬ್ಬಳು ಕೊಡೆ ಹಿಡಿದು ಬಂದು, "ಏನವ್ವ, ಕೈ ಜೋತಾಡಾಕೆ ಹತ್ತೈತೆ, ಬಾಟ್ಲಿ ಆರಿಸ್ತಿಯಲ್ಲ" ಎಂದಾಗಲೇ ಎಡ ಮಣಿಕಟ್ಟು ನೋಡಿಕೊಂಡಿದ್ದು. ಸಣ್ಣ ಬಿರುಕು. ಪಟ್ಟಿ ಹಾಕಿದ್ದಾರೆ, ಇನ್ನೆರಡು ವಾರ. ಗಾಡಿಯನ್ನು ಆವತ್ತಿನಿಂದ ಓಡಿಸಿಲ್ಲ, ಇಲ್ಲಿನ ಸಿಬ್ಬಂದಿಯ ಹಿಂದೆ ಕೂತು ಹೋಗುತ್ತಿದ್ದೇನೆ.

ಯಾಕೆ ಹೇಳಲಿಲ್ಲ ಎಂದರೆ, ಜೂನಿನಲ್ಲಿ ನೀವು ಬದಲಿಸು ಎಂದಿರಿ, ನಾನು ಸಿಟ್ಟಿಗೆ ಬದಲಿಸಲಿಲ್ಲ. ಬಿದ್ದದ್ದು ಟೈರಿನ ತಪ್ಪಲ್ಲ. ಅದನ್ನು ನಿಮಗೆ ಬರೆಯುವುದು ಕಷ್ಟವಾಯಿತು.

ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಾಲ್ಕು ಸಾಲಿನಲ್ಲಿ ನಾನು ಬರೆದ ಗೀರು, ತರಚು ಓದಿ ಬಿದ್ದ ತಿರುವನ್ನೇ ಹೇಳಿಬಿಟ್ಟಿರಿ. ಇಷ್ಟು ತಿಳಿಯುವವರು ಆ ಕಾಗದ ಕೈಗೆ ಬಂದ ಕ್ಷಣ ಯಾಕೆ ಫೋನ್ ಮಾಡಲಿಲ್ಲ? ಮೊಣಕೈ ಹೇಗಿದೆ ಎಂದು ಕೇಳಿ ಉತ್ತರಕ್ಕೆ ಒಂದು ವಾರ ಕಾಯುವ ತಂದೆ ಎಲ್ಲಿದ್ದಾರೆ?

ಈ ಭಾನುವಾರ ಹೊನ್ನಾಳಿಗೆ ಹೋಗಿ ದ್ಯಾಮತ್ತೆಯನ್ನು ನೋಡಿ ಬರುತ್ತೇನೆ. ನಿಮ್ಮ ತಂಗಿಯಾದರೂ ನನ್ನ ಜೊತೆ ಬಾಯಿ ಬಿಟ್ಟು ಮಾತಾಡುತ್ತಾರೆ.

ಶಿವಲೀಲಾ

*

ಚನ್ನಗಿರಿ
31 ಆಗಸ್ಟ್ 2024

ಶಿವಲೀಲಾ,

ನಿನ್ನ ಕಾಗದ ಈಗ ತಾನೇ ಬಂತು. ದ್ಯಾಮಮ್ಮ ಹೊನ್ನಾಳಿಯಲ್ಲಿ ಇಲ್ಲ. ಮನೆಗೆ ಬೀಗ ಇದೆ. ಸುಮ್ಮನೆ ಆ ಕೈಯಲ್ಲಿ ಬಸ್ಸು ಹತ್ತಬೇಡ. ಅವಳು ಬಂದ ಮೇಲೆ ತಿಳಿಸುತ್ತೇನೆ, ಆಗ ಹೋಗುವಿಯಂತೆ. ಮಣಿಕಟ್ಟು ಅಲುಗಾಡಿಸಬೇಡ.

ಅಪ್ಪ

*

ನ್ಯಾಮತಿ
4 ಸೆಪ್ಟೆಂಬರ್ 2024

ಅಪ್ಪಾಜಿ,

ಹೊನ್ನಾಳಿಗೆ ಹೋಗಬೇಡ ಎಂಬ ನಿಮ್ಮ ಕಾಗದ ಇವತ್ತು ಕೈ ಸೇರಿತು. ಮೂರು ದಿನ ತಡ. ತಡವಾದದ್ದೇ ಒಳ್ಳೆಯದಾಯಿತು.

ಭಾನುವಾರ ನಾನು ನಿಮ್ಮ ಮುಂದೆ ಹಾಗೆ ಬಂದು ನಿಂತದ್ದು ಹೇಗೆ ಎಂದು ನೀವು ಕೇಳಲಿಲ್ಲ, ಹೇಳುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ. ಈಗ ಹೇಳುತ್ತೇನೆ. ಅತ್ತೆಯ ಮನೆಗೆ ಬೀಗ ಇತ್ತು. ಪಕ್ಕದ ಮನೆಯ ಅಂಬಿಕಾ ಬಾಗಿಲಿಗೆ ಬಂದು, "ದ್ಯಾಮಮ್ಮಾರು ಚನ್ನಗಿರಿಯಾಗ ಅದಾರಲ್ರೀ, ಎರಡು ತಿಂಗಳಾತು. ಅಣ್ಣಾರಿಗೆ ಗಂಟಲು ಆಪರೇಷನ್ ಆತಂತಲ್ಲ," ಎಂದಳು. ಆಮೇಲೆ ನನ್ನ ಮುಖ ನೋಡಿ, "ನೀವು ಅವರ ಮಗಳಲ್ವೇನ್ರಿ? ನಿಮಗೆ ಗೊತ್ತಿಲ್ಲೇನು?" ಎಂದಳು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಗೊತ್ತು ಎಂದೆ. ಗೊತ್ತು ಎಂದವಳು ಚನ್ನಗಿರಿ ಬಸ್ಸಿಗೆ ಓಡಿದೆ.

ಬಾಗಿಲು ತೆಗೆದದ್ದು ಮಹಾಂತೇಶಣ್ಣ. ಕೈಯಲ್ಲಿ ನಿಮ್ಮ ಒದ್ದೆ ಪಂಚೆ ಇತ್ತು, ಒಣಹಾಕಲು ಹೊರಟಿದ್ದ. ನಡುಮನೆಯಲ್ಲಿ ನೀವು ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೂತಿದ್ದಿರಿ. ನನ್ನನ್ನು ನೋಡಿ ಬಾಯಿ ತೆರೆದಿರಿ. ಏನೂ ಬರಲಿಲ್ಲ. ಬಸ್‌ಸ್ಟ್ಯಾಂಡಿನ ಈ ತುದಿಯಲ್ಲಿ ನಿಂತು "ಏ ಗಾಳಿ ಕಡಿಮೆ ಐತಲೇ" ಎಂದರೆ ಆ ತುದಿಯಲ್ಲಿ ಹೋಗುತ್ತಿದ್ದವನು ಗಾಡಿ ನಿಲ್ಲಿಸುತ್ತಿದ್ದ, ಅಂಥ ದನಿ ನಿಮ್ಮದು. ಆಮೇಲೆ ಸ್ಲೇಟು ತೆಗೆದುಕೊಂಡು ನೀವು ಮೊದಲು ಬರೆದದ್ದು "ಮಣಿಕಟ್ಟು ತೋರಿಸು" ಎಂದು.

ಆವತ್ತು ನಾನು ಅಳಲಿಲ್ಲ. ವಾಪಸು ಬರುವಾಗ ಬಸ್ಸು ಹೊನ್ನಾಳಿಯ ಸೇತುವೆ ಮೇಲೆ ಬಂದಾಗ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಕೈ ನೋವೇನೋ ಎಂದುಕೊಂಡು ಜಾಗ ಬಿಟ್ಟುಕೊಟ್ಟಳು.

ಜುಲೈ ಎರಡರಂದು ನಾನು ಏನು ಬರೆದೆ ಎಂಬುದು ನೆನಪಾಗುತ್ತದೆ. ಅದನ್ನು ನೀವು ಆಪರೇಷನ್ನಿಗೆ ಹೋಗುವ ಮುಂಚೆ ಓದಿದಿರಾ, ಬಂದ ಮೇಲೆ ಓದಿದಿರಾ? ಕೇಳಲು ಧೈರ್ಯವಾಗಲಿಲ್ಲ. ಮಹಾಂತೇಶಣ್ಣನ ಹೆಸರು ಬೋರ್ಡಿನ ಮೇಲೆ ಕಂಡು ಉರಿದುಕೊಂಡೆನಲ್ಲ, ಅವನು ದಿನಾ ನಿಮ್ಮನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದಾನೆ. ಅವನಿಗೂ ಒಂದು ಕಾಗದ ಬರೆಯಬೇಕು. ಹೇಗೆ ಶುರು ಮಾಡಬೇಕೋ ಗೊತ್ತಿಲ್ಲ.

ಆದರೂ ಕೋಪ ಇದೆ ಅಪ್ಪಾಜಿ. ಊರಿಗೆಲ್ಲ ಗೊತ್ತಿದ್ದದ್ದು ನನಗೆ ಮಾತ್ರ ಯಾಕೆ ಗೊತ್ತಿರಲಿಲ್ಲ?

ಶಿವಲೀಲಾ

*

ಚನ್ನಗಿರಿ
15 ಸೆಪ್ಟೆಂಬರ್ 2024

ಮಗಳೇ,

ಕೇಳಿದ್ದಕ್ಕೆಲ್ಲ ಒಂದೊಂದಾಗಿ ಬರೆಯುತ್ತೇನೆ. ಈಗ ಬರೆಯುವುದು ರೂಢಿಯಾಗಿದೆ.

ಏಪ್ರಿಲ್‌ನಿಂದಲೇ ದನಿ ಒಡೆಯುತ್ತಿತ್ತು. ನೀನು ಯುಗಾದಿಗೆ ಬಂದು ಮಾತಾಡಿದಾಗ ನಾನು ಏನೂ ಹೇಳದೆ ಒಳಗೆ ಹೋದೆ ಎಂದು ನೀನು ಬರೆದಿದ್ದೆ. ಹೇಳಲು ಹೋದೆ, ದನಿ ಏಳಲಿಲ್ಲ. ಜೂನಿನಲ್ಲಿ ಡಾಕ್ಟರು ಮಾತೇ ಆಡಬೇಡಿ ಎಂದರು. ನೀನು ಫೋನ್ ಮಾಡಿದಾಗ ನಾಲ್ಕು ಸಲವೂ ಫೋನ್ ನನ್ನ ಕೈಯಲ್ಲೇ ಇತ್ತು. ಜುಲೈ ಹದಿನೆಂಟಕ್ಕೆ ಧ್ವನಿಪೆಟ್ಟಿಗೆ ತೆಗೆದರು. ಮೂವತ್ತು ವರ್ಷ ಬಾಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು ಇಟ್ಟುಕೊಂಡೇ ವ್ಯಾಪಾರ ಮಾಡಿದೆ, ಬೇರೆ ಯಾರನ್ನು ದೂರಲಿ. ನೀನು ಬಂದ ಸೋಮವಾರ ದಾವಣಗೆರೆಯಲ್ಲಿ ಹೊಲಿಗೆ ಬಿಚ್ಚುತ್ತಿದ್ದರು. ಕರೆಂಟಿನ ಚಿಕಿತ್ಸೆ, ಅಂದರೆ ರೇಡಿಯೇಷನ್, ಇನ್ನು ಹನ್ನೆರಡು ದಿನ ಇದೆ. ರೋಗ ಪೂರ್ತಿ ತೆಗೆದಿದ್ದೇವೆ ಎಂದಿದ್ದಾರೆ.

ಜುಲೈ ಕಾಗದ ಆಪರೇಷನ್ನಿಗೆ ಹೋಗುವ ಮುಂಚೆಯೇ ಓದಿದೆ. ಜೊತೆಗೆ ತೆಗೆದುಕೊಂಡೂ ಹೋಗಿದ್ದೆ. ಅದರಲ್ಲಿ ತಪ್ಪೇನೂ ಇರಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ? ಹೇಳಿದರೆ ನೀನು ಕೆಲಸ ಬಿಟ್ಟು ಬರುತ್ತಿದ್ದೆ. ಗಟ್ಟಿಯಾಗಿದ್ದಾಗ ಅಂಗಡಿ ನಿನ್ನದಲ್ಲ ಎಂದು ಕಳಿಸಿ, ಕಾಯಿಲೆ ಬಿದ್ದಾಗ ಬಾ ಎಂದು ಕರೆಯುವುದು ನನಗೆ ನ್ಯಾಯ ಎನಿಸಲಿಲ್ಲ. ದ್ಯಾಮಮ್ಮನಿಂದ ಆಣೆ ಹಾಕಿಸಿಕೊಂಡೆ. ಮಹಾಂತೇಶ ಮಾತ್ರ ಎರಡು ಸಲ ಜಗಳವಾಡಿದ, "ತಂಗಿಗೆ ಹೇಳದಿದ್ರೆ ನಾನು ಹೇಳ್ತೀನಿ ನೋಡ್ರಿ ಚಿಕ್ಕಪ್ಪ" ಎಂದು. ನಾನು ಸ್ಲೇಟಿನ ಮೇಲೆ ಬೇಡ ಎಂದು ದೊಡ್ಡದಾಗಿ ಬರೆದೆ.

ಜೂನಿನಲ್ಲಿ ಅಂಗಡಿಯ ವಿಚಾರಕ್ಕೆ ಉತ್ತರ ಇಲ್ಲ ಎಂದಿದ್ದೆ. ಉತ್ತರ ಇತ್ತು. ನೀನು ಡಿಪ್ಲೊಮಾ ಮುಗಿಸಿ ಬಂದ ವರ್ಷ, ಬುಲೆಟ್ ಗಾಡಿಯ ಒಬ್ಬ ಬಂದಿದ್ದ, ನೆನಪಿರಬೇಕು. ನೀನು ಅವನ ಹಿಂದಿನ ಚಕ್ರ ಬಿಚ್ಚುತ್ತಿದ್ದೆ. ಅವನು ಫೋನು ಹಿಡಿದು ವಿಡಿಯೋ ಮಾಡುತ್ತಾ ತನ್ನ ಜೊತೆಯವನಿಗೆ ಏನೋ ಹೇಳಿ ನಕ್ಕ. ಏನು ಹೇಳಿದ ಎಂದು ನನಗೆ ಕೇಳಿಸಿತು. ನಿನಗೂ ಕೇಳಿಸಿತು. ನೀನು ತಲೆ ಎತ್ತದೆ ಕೆಲಸ ಮುಗಿಸಿದೆ. ನಾನು ಅವನನ್ನು ಅಂಗಡಿಯಿಂದ ಆಚೆ ಕಳಿಸಬೇಕಾಗಿತ್ತು, ನಿನ್ನನ್ನು ಕಳಿಸಿದೆ. ಹೆಣ್ಣುಮಗಳಿಗೆ ಇದು ಕೆಲಸವಲ್ಲ ಎಂದದ್ದು ಆಮೇಲೆ ಹುಡುಕಿಕೊಂಡ ಮಾತು. ಧೈರ್ಯ ಇಲ್ಲದಿದ್ದದ್ದು ನನಗೆ. ಆಗ ನನಗೆ ದೊಡ್ಡ ದನಿ ಇತ್ತು, ಒಂದು ಮಾತು ಹೊರಡಲಿಲ್ಲ.

ಮಹಾಂತೇಶ ಒಳ್ಳೆಯವನು. ಅಂಗಡಿ ಅವನ ಹೆಸರಿಗೆ ಆಗಿದೆ, ಈಗ ಅದನ್ನು ಕಿತ್ತುಕೊಳ್ಳಲಾರೆ. ನಿನಗೆ ಕೊಡಲು ನನ್ನ ಬಳಿ ಅಂಗಡಿ ಇಲ್ಲ. ಈ ಕಾಗದ ಇದೆ.

ನವೆಂಬರ್‌ನಲ್ಲಿ ಡಾಕ್ಟರು ಓಡಾಡಬಹುದು ಎಂದರೆ ನಿನ್ನ ಎರಡು ಟೈರು ನಾನೇ ತರುತ್ತೇನೆ. ಅಲ್ಲಿಯವರೆಗೆ ಆ ಗಾಡಿ ಮುಟ್ಟಬೇಡ.

ಅಪ್ಪ

*

ಜಗಳೂರು
8 ಡಿಸೆಂಬರ್ 2024, ಭಾನುವಾರ

ಅಪ್ಪಾಜಿ,

ನೀವು ಇಲ್ಲಿಗೆ ಬಂದು ಊರಿಗೆ ವಾಪಸಾಗಿ ಹತ್ತು ದಿನವಾಯಿತು. ಟೈರುಗಳು ನೂರೈವತ್ತು ಕಿಲೋಮೀಟರ್ ದಾಟಿ ಚೆನ್ನಾಗಿ ಕೂತಿವೆ.

ನೀವು ಬಸ್ಸಿನಿಂದ ಇಳಿದ ರೀತಿಯನ್ನು ಮನೆ ಓನರ್ ಕೊಲ್ಲಾಪುರಮ್ಮ ಇನ್ನೂ ಹೇಳಿಕೊಂಡು ನಗುತ್ತಾರೆ. ಎರಡೂ ಭುಜಕ್ಕೆ ಒಂದೊಂದು ಟೈರು ಹಾರದ ಹಾಗೆ. "ಮಗಳ ಮನೆಗೆ ಬರೋರು ಹಣ್ಣು ಹಂಪಲು ತರ್ತಾರೆ, ನಿಮ್ಮಪ್ಪಾರು ಚಕ್ರ ತಂದಾರೆ ನೋಡವ್ವ," ಎಂದರು. ಅವರ ಅಂಗಳದಲ್ಲಿ ಕೂತು ನೀವು ಒಂದು ಕಡೆ, ನಾನು ಒಂದು ಕಡೆ ಟೈರು ಏರಿಸಿದ್ದು ನನಗೆ ಬಹಳ ದಿನದ ಮೇಲೆ ಸಿಕ್ಕ ಸುಖ. ಮಣಿಕಟ್ಟು ಸ್ವಲ್ಪ ನೋಯಿತು, ಹೇಳಲಿಲ್ಲ. ನೀವು ನೋಡಿಯೇ ನನ್ನ ಕೈಯಿಂದ ಟೈರು ಏರಿಸುವ ಕಬ್ಬಿಣದ ಪಟ್ಟಿ ತೆಗೆದುಕೊಂಡಿರಿ.

ಈ ಕಾಗದ ಬರೆಯುತ್ತಿರುವುದು ಒಂದು ತಪ್ಪೊಪ್ಪಿಗೆಗೆ.

ಮೂರನೇ ದಿನ ನನ್ನ ಹಿಂದೆ ಕೂತು ಕುರಿಹಟ್ಟಿಗೆ ಬಂದಿರಲ್ಲ, ಅಲ್ಲಿ ಕುರಿ ಸಾಕುವ ತಿಪ್ಪೇಶಪ್ಪ ನಿಮ್ಮನ್ನು ಬಿಡಲೇ ಇಲ್ಲ. "ಟೈರಿನ ಅಂಗಡಿಯೋರಂತೆ, ನನ್ ಗಾಡಿಗೆ ಯಾವ್ದು ಹಾಕಿಸ್ಲಿ ಹೇಳ್ರಿ," ಎಂದು ಹೊಗೆ ಉಗುಳುವ ತನ್ನ ಹಳೇ ಗಾಡಿಯನ್ನು ತಂದು ಮುಂದೆ ನಿಲ್ಲಿಸಿದ. ನೀವು ಸ್ಲೇಟಿನ ಮೇಲೆ ಬರೆದಿರಿ. ಅವನಿಗೆ ಓದಲು ಬರುವುದಿಲ್ಲ. ಸುತ್ತ ನಿಂತ ಏಳೆಂಟು ಜನರಿಗೂ ಅಷ್ಟೆ. ಸ್ಲೇಟು ನನ್ನ ಕೈಗೆ ಬಂತು.

ನೀವು ಬರೆದದ್ದು: "ಮುಂದೆ ಮೆತ್ತಗಿನ ಹಿಡಿತದ್ದು. ಹಿಂದೆ ಬಾಳಿಕೆಯದು." ನನಗೆ ಹೇಳಿದ್ದೇ.

ನಾನು ಅದನ್ನು ಓದಲಿಲ್ಲ. ಸ್ಲೇಟು ನೋಡುತ್ತಾ ಬೇರೆಯದನ್ನು ಹೇಳಿದೆ. ಅವನ ಗಾಡಿ ಟಾರು ಕಾಣುವುದು ತಿಂಗಳಿಗೆ ಒಂದು ಸಲ, ಸಂತೆಗೆ ಹೋಗುವಾಗ. ಉಳಿದ ದಿನವೆಲ್ಲ ಗುಡ್ಡದ ಚೂಪು ಕಲ್ಲಿನ ಮೇಲೆ, ಮುಂದೆ ಟ್ಯಾಂಕಿನ ಮೇಲೆ ಒಂದು ಮರಿ, ಹಿಂದೆ ಎರಡು ಹೊರೆ ಸೊಪ್ಪು. ನಮ್ಮ ಕಲ್ಲೇಶ್ ಹೋದ ವರ್ಷ ಇಲ್ಲೇ ಮೆತ್ತಗಿನ ಟೈರು ಹಾಕಿಸಿದ್ದ. ಆ ಕಲ್ಲು ನಾಲ್ಕೇ ತಿಂಗಳಲ್ಲಿ ರಬ್ಬರನ್ನು ಇಲಿ ಕಡಿದ ಹಾಗೆ ಚೂರು ಚೂರು ಕಿತ್ತಿತ್ತು. ಅದಕ್ಕೇ ಎರಡಕ್ಕೂ ಗಟ್ಟಿಯದೇ ಹಾಕಿಸು, ಟೈರಿನ ಮೈಮೇಲೆ ದಪ್ಪ ಗುಬುಟಿನ ಬಟನ್ ಇರಲಿ, ಟ್ಯೂಬು ದಪ್ಪದ್ದು ತಗೋ, ವಾರಕ್ಕೊಮ್ಮೆ ಗಾಳಿ ನೋಡಿಸು ಎಂದೆ. "ನೀನು ಓಡಿಸೋ ಇಪ್ಪತ್ತೈದರ ವೇಗಕ್ಕೆ ಹಿಡಿತ ರಬ್ಬರಿನಾಗಿಲ್ಲ ತಿಪ್ಪೇಶಪ್ಪ, ಗಾಳಿಯಾಗ ಐತೆ," ಎಂದೂ ಸೇರಿಸಿದೆ. ಅವನು ನಿಮಗೆ ಕೈ ಮುಗಿದ. ಎಲ್ಲ ನಿಮ್ಮ ಮಾತು ಎಂದೇ ಅವರು ತಿಳಿದರು.

ನಿಮ್ಮ ಬಾಯಲ್ಲಿ ನನ್ನ ಮಾತು ಇಟ್ಟೆ. ನಿಮಗೆ ದನಿ ಇಲ್ಲ ಎಂಬುದನ್ನು ಬಳಸಿಕೊಂಡ ಹಾಗಾಯಿತು. ನೀವು ಪಕ್ಕದಲ್ಲೇ ಇದ್ದಿರಿ, ಸುಮ್ಮನಿದ್ದಿರಿ. ಸಂಜೆ ಏನಾದರೂ ಬರೆಯುತ್ತೀರಿ ಎಂದು ಕಾದೆ. ಮಾರನೇ ದಿನ ಬಸ್ಸು ಹತ್ತುವಾಗಲೂ ಕಾದೆ. ಬೇಸರ ಮಾಡಿಕೊಂಡಿರಾ? ಜನರ ಮುಂದೆ ತಿದ್ದಿ ಬರೆಯುವುದು ಬೇಡ ಎಂದು ನುಂಗಿಕೊಂಡಿರಾ?

ತಿಪ್ಪೇಶಪ್ಪ ಈ ತಿಂಗಳ ಕೊನೆಗೆ ಟೈರು ತರಿಸುತ್ತಾನಂತೆ. ನಾನು ಹೇಳಿದ್ದು ತಪ್ಪಾಗಿದ್ದರೆ ಈಗಲೇ ತಿಳಿಸಿ, ಹೋಗಿ ಒಪ್ಪಿಕೊಂಡು ಬರುತ್ತೇನೆ.

ಶಿವಲೀಲಾ

*

ಚನ್ನಗಿರಿ
17 ಡಿಸೆಂಬರ್ 2024

ಮಗಳೇ,

ನಿನ್ನ ಕಾಗದ ನಿನ್ನೆ ಬಂತು. ಇವತ್ತೇ ಅಂಚೆಗೆ ಹಾಕಿಸುತ್ತೇನೆ, ತಿಪ್ಪೇಶಪ್ಪ ಟೈರು ತರಿಸುವ ಮುಂಚೆ ನಿನ್ನ ಕೈ ಸೇರಲಿ.

ನೀನು ಏನು ಹೇಳಿದೆ ಎಂಬುದು ನನಗೆ ಅಲ್ಲೇ ಗೊತ್ತಾಯಿತು. ಹೋಗಿರುವುದು ದನಿ, ಕಿವಿ ಅಲ್ಲ.

ಅಂಗಡಿಯಲ್ಲಿ ಮಹಾಂತೇಶನೂ ನನ್ನ ಸ್ಲೇಟು ಓದುತ್ತಾನೆ. ಬರೆದದ್ದರಲ್ಲಿ ಅರ್ಧ ಓದಿ ಅರ್ಧ ಬಿಡುತ್ತಾನೆ. ನಾನು ಸ್ಲೇಟು ಕಸಿದು, ಬಿಟ್ಟದ್ದನ್ನು ದಪ್ಪಗೆ ಬರೆದು ಗಿರಾಕಿಯ ಮೂಗಿಗೇ ಹಿಡಿಯುತ್ತೇನೆ. ಅವನು ತಲೆ ಚಚ್ಚಿಕೊಳ್ಳುತ್ತಾನೆ. ಆವತ್ತು ಹಟ್ಟಿಯಲ್ಲಿ ನೀನು ಮೊದಲ ಮಾತು ತಪ್ಪಿಸಿದಾಗ ನನ್ನ ಕೈ ಬಳಪಕ್ಕೆ ಹೋಗಿತ್ತು. ಎರಡನೇ ಮಾತು ಕೇಳಿ ಕೈ ನಿಲ್ಲಿಸಿದೆ.

ಬಂದ ಮೇಲೆ ಎಷ್ಟೋ ಸಲ ಅದನ್ನೇ ಯೋಚಿಸಿದೆ. ತಿಪ್ಪೇಶಪ್ಪ ಕೇಳಿ ಮುಗಿಸುವುದರೊಳಗೆ ನಾನು ಬರೆದಾಗಿತ್ತು. ನಾನು ಬರೆದದ್ದು ಚನ್ನಗಿರಿಯ ಉತ್ತರ. ಕೆರೆ ಏರಿಯ ಮೇಲೆ, ಕಾಲುವೆ ಪಕ್ಕದಲ್ಲಿ, ವರ್ಷದಲ್ಲಿ ಅರ್ಧ ದಿನ ಒದ್ದೆಯಾಗಿರುವ ರಸ್ತೆಯ ಉತ್ತರ. ನನ್ನ ಅಂಗಡಿಗೆ ಬಂದವರೆಲ್ಲ ಆ ರಸ್ತೆಯವರು, ಹಾಗಾಗಿ ನಡೆಯಿತು. ನೀನು ಅವನ ಗಾಡಿಯನ್ನು ಒಂದು ಸುತ್ತು ಬಂದೆ. ಟ್ಯಾಂಕಿನ ಮೇಲೆ ಅಂಟಿದ್ದ ಕುರಿಯ ಉಣ್ಣೆ ನೋಡಿದೆ. ಬಗ್ಗಿ ಟೈರಿನ ಗೀರಿನಿಂದ ಒಂದು ಕಲ್ಲು ಕಿತ್ತು ಅಂಗೈಯಲ್ಲಿ ಇಟ್ಟು ನೋಡಿದೆ. ಆಮೇಲೆ ಸ್ಲೇಟು ತೆಗೆದುಕೊಂಡೆ. ನಾನು ಕುರ್ಚಿಯಿಂದ ಎದ್ದಿರಲೇ ಇಲ್ಲ.

ನಿನ್ನ ಕಾಗದವನ್ನು ಮಹಾಂತೇಶನಿಗೂ ಓದಲು ಕೊಟ್ಟೆ. ನಿನ್ನೆ ಜಗಳೂರಿನ ಕಡೆಯ ಇಬ್ಬರು ಬಂದಿದ್ದರಂತೆ, ಅವರಿಗೆ ಏನು ಕೊಡಬೇಕೋ ತಿಳಿಯದೆ ನಾಳೆ ಬನ್ನಿ ಎಂದು ಕಳಿಸಿದ್ದಾನೆ. "ತಂಗಿಗೆ ಫೋನ್ ಮಾಡಿ ಕೇಳ್ಲಾ ಚಿಕ್ಕಪ್ಪ, ಸಿಟ್ಟು ಮಾಡ್ಕೊಳ್ಳಲ್ವಾ?" ಎಂದ. ಮಾಡು ಎಂದು ಬರೆದೆ. ಅವನು ಫೋನ್ ಮಾಡಿದರೆ ಎತ್ತು.

ಹಟ್ಟಿಗೆ ಹೋಗಿ ಒಪ್ಪಿಕೊಳ್ಳುವುದೇನೂ ಬೇಡ. ತಿಪ್ಪೇಶಪ್ಪ ನನಗೆ ಕೈ ಮುಗಿದದ್ದು ಮಾತ್ರ ತಪ್ಪು ವಿಳಾಸಕ್ಕೆ ಹೋಯಿತು. ಮುಂದಿನ ಸಲ ಬಂದಾಗ ಅವನಿಗೆ ನಾನೇ ತಿಳಿಸುತ್ತೇನೆ. ಆಗ ಏನು ಬರೆಯುತ್ತೇನೋ ಅದನ್ನು ಮಾತ್ರ ಇದ್ದ ಹಾಗೇ ಓದಬೇಕು ನೀನು.

ಆವತ್ತು ನಾನು ಸುಮ್ಮನಿದ್ದದ್ದು ದನಿ ಇಲ್ಲ ಎಂದಲ್ಲ ಶಿವಲೀಲಾ. ತಿದ್ದುವುದು ಏನೂ ಇರಲಿಲ್ಲ.

ಅಪ್ಪ